ನಲ್ಲಿ ನೀರಿಗೂ ಸೂಜಿಗೂ ಒಂದೇ ಬಾಯಿ

ಹೂಂ, ಅದೇ ದನಿ, ನೀವು ಅಂದುಕೊಂಡಿದ್ದೇ ಸರಿ. ತಳ್ಳುಗಾಡಿಯವನ ಸ್ಪೀಕರ್ ಡಬ್ಬಿಯೊಳಗಿಂದ ಈಗಲೂ ಬೆಳಬೆಳಿಗ್ಗೆ "ಅಕ್ಕಾ... ಒಂದ್ನಿಮಿಷ ಬಾಗ್ಲಿಗೆ ಬಾ! ಹಳೇ ಕಬ್ಣ, ಮುರಿದ ಬಕೀಟು, ಕೆಟ್ಟ ಫ್ಯಾನು" ಅಂತ ಕೂಗುತ್ತದಲ್ಲ, ಅದು ಮೈಕಮ್ಮನದೇ. ಮನೆಯವರು ಇಟ್ಟ ಹೆಸರು ಬೇರೆ ಇದೆ. ಆ ಹೆಸರಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ, ಅಷ್ಟು ಹಳತಾಗಿದೆ ಈ ಅಡ್ಡಹೆಸರು. ಆಳು ನೋಡಿದರೆ ಗೇಣುದ್ದ, ಗಂಟಲು ನೋಡಿದರೆ ಮಾರುದ್ದ. ಸಂತೆಯ ಗದ್ದಲದಲ್ಲೂ ಆ ದನಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಲೀಸಾಗಿ ಬಂದು ಕಿವಿಗೆ ಬೀಳುತ್ತಿತ್ತು.

ಆದರೆ ಆ "ಅಕ್ಕಾ" ಅನ್ನುವ ಕೂಗು ಹುಟ್ಟಿದ್ದು ಹೊಟ್ಟೆಪಾಡಿಗಲ್ಲ. ತಾಯಿ ಹೋದ ಮೇಲೆ ಮೈಕಮ್ಮನನ್ನು ಸಾಕಿದವಳು ಅವಳ ಅಕ್ಕ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮನೆ ಮಹಡಿಯ ಮೇಲೆ, ಕೆಳಗಿನ ಗೇಟಿಗೆ ಸದಾ ಬೀಗ. ಶಾಲೆ ಬಿಟ್ಟು ಬಂದ ತಂಗಿ ಬೀದಿಯಲ್ಲಿ ನಿಂತು "ಅಕ್ಕಾ... ಒಂದ್ನಿಮಿಷ ಬಾಗ್ಲಿಗೆ ಬಾ!" ಅಂತ ಎಳೆದು ಕೂಗಿದರೆ, ಮೇಲಿನಿಂದ ಹೊಲಿಗೆ ಮಿಷನ್ನಿನ ಸದ್ದು ನಿಲ್ಲುತ್ತಿತ್ತು, ದಾರಕ್ಕೆ ಕಟ್ಟಿದ ಕೀಲಿಕೈ ಇಳಿದು ಬರುತ್ತಿತ್ತು. ಅದನ್ನು ಒಮ್ಮೆ ಕೇಳಿಸಿಕೊಂಡವನು ಸೋದರಮಾವ. ಅವನದು ಮೈಕ್‌ಸೆಟ್ ಬಾಡಿಗೆ ಅಂಗಡಿ. "ಈ ಗಂಟಲನ್ನ ಬೀದೀಲಿ ಬಿಟ್ಟಿ ಕೊಡ್ತಿದೀಯಲ್ಲೇ ಹುಡುಗಿ" ಅಂದ. ಅಂಗಡಿಯ ಹಿಂದೆ ತುಕ್ಕು ಹಿಡಿದ ಹಾರನ್ನುಗಳನ್ನು ಪೇರಿಸಿಟ್ಟ ಕೋಣೆ. ಗೋಡೆಗೆ ಹಳೇ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿ, ಅದನ್ನೇ ಸ್ಟುಡಿಯೋ ಅಂದರು. ಸದ್ದು ಬರುತ್ತದೆಂದು ಫ್ಯಾನು ಹಾಕುವಂತಿಲ್ಲ. ಒಳಗೆ ಹೋದವಳು ಬೆವರಿನಲ್ಲಿ ಅದ್ದಿ ತೆಗೆದ ಹಾಗೆ ಹೊರಗೆ ಬರುತ್ತಿದ್ದಳು. ಸೀರೆ ಅಂಗಡಿ, ಕೂದಲಿಗೆ ಹಚ್ಚುವ ಬಣ್ಣ, ಟ್ಯೂಷನ್ನು, ಎಲ್ಲಕ್ಕೂ ಶುರುವಿನಲ್ಲಿ ಆ ಕೂಗೇ. ಅಕ್ಕನಿಗೂ ಹೆಮ್ಮೆ. "ನನ್ನನ್ನ ಕರೆದೂ ಕರೆದೂ ನನ್ ತಂಗಿ ದೊಡ್ಡೋಳಾದ್ಲು" ಅನ್ನುತ್ತಿದ್ದಳು.

ಆಮೇಲೆ ಚುನಾವಣೆ ಬಂತು. ಚುನಾವಣೆ ಬಂದರೆ ಮೈಕಿನವರಿಗೆ ಸುಗ್ಗಿ. ಮಾವ ಒಂದು ಪಕ್ಷದ ಪ್ರಚಾರದ ವ್ಯಾನು ಹಿಡಿದ. "ಅಕ್ಕಾ... ಒಂದ್ನಿಮಿಷ ಬಾಗ್ಲಿಗೆ ಬಾ! ಬೇಸಗೆ ಬರೋದ್ರೊಳಗೆ ನಿಮ್ಮ ಮನೆ ನಲ್ಲೀಲಿ ನೀರು!" ಅಂತ ಮೈಕಮ್ಮ ಊರೆಲ್ಲ ಹೇಳಿದಳು. ಪಕ್ಷ ಗೆದ್ದಿತು. ಪೈಪು ಹಾಕಿದರು, ಅಕ್ಕನ ಮನೆಯ ಗೋಡೆಗೂ ಹೊಳೆಯುವ ನಲ್ಲಿಯೊಂದು ಬಂತು. ನೀರು ಮಾತ್ರ ಬರಲಿಲ್ಲ. ಬೇಸಗೆ ಬಂತು, ಹೋಯಿತು, ಮತ್ತೆ ಬಂತು. ಅಕ್ಕ ಆ ನಲ್ಲಿಗೆ ಅಳತೆ ಟೇಪು ನೇತುಹಾಕತೊಡಗಿದಳು. ಅಕ್ಕನ ಗಂಡ, ಭಾವ, ಮೊದಲಿನಿಂದಲೂ ಎದುರು ಪಕ್ಷದವನು. ಬೇರೆ ಮನೆ ಮಾಡಿದ್ದ ನಾದಿನಿ ಮೆಟ್ಟಿಲು ಹತ್ತಿದರೆ ಸಾಕು, "ಬಾಮ್ಮ ಸರ್ಕಾರ, ಬಾ. ಕೈಕಾಲು ತೊಳ್ಕೋ, ನಲ್ಲಿ ಅಲ್ಲೇ ಇದೆ" ಅನ್ನುತ್ತಿದ್ದ. ಮೂವರೂ ನಗುತ್ತಿದ್ದರು. ಆಗ ಅದು ನಗುವ ವಿಷಯವೇ ಆಗಿತ್ತು.

ಅಷ್ಟರಲ್ಲಿ ಸೋಂಕು ಬಂತಲ್ಲ. ಅಂಗಡಿ ಮುಚ್ಚಿದವು, ಬೀದಿ ಬಿಕೋ ಅಂದವು. ಅಕ್ಕನಿಗೆ ಮೊದಲೇ ಉಬ್ಬಸ. ಮಿಷನ್ ತುಳಿದರೆ ಮೇಲುಸಿರು ಬರುವವಳು. ಮೈಕಮ್ಮನಿಗೆ ಲೋಕದ ಚಿಂತೆಯೆಲ್ಲ ಒಂದು ಕಡೆ, ಅಕ್ಕನ ಎದೆ ಒಂದು ಕಡೆ. ಲಸಿಕೆ ಬಂದಿದೆ ಅಂತ ತಿಳಿದ ದಿನದಿಂದ ಅವಳಿಗೆ ಒಂದೇ ಜಪ: ಅಕ್ಕನಿಗೆ ಹಾಕಿಸಬೇಕು.

ಹಾಗಿರುವಾಗಲೇ ಆರೋಗ್ಯ ಕೇಂದ್ರದ ಡಾಕ್ಟರು ಮೈಕ್ ಅಂಗಡಿಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು. ನಿದ್ದೆಗೆಟ್ಟು ಕಣ್ಣು ಗುಳಿಬಿದ್ದಿತ್ತು.

"ನಿಮ್ಮ ದನಿ ಕೇಳಿದ್ರೆ ಜನ ಬಾಗ್ಲಿಗೆ ಬರ್ತಾರಂತೆ. ನಂದು ಕೇಳಿದ್ರೆ ಬಾಗ್ಲು ಹಾಕ್ಕೋತಾರೆ."

"ನಿಮ್ದು ಸೂಜಿ ಹಿಡಿಯೋ ಕೈ ಮೇಡಂ, ಹೆದರ್ತಾರೆ. ನಂದು ಬರೀ ಬಾಯಿ" ಅಂತ ಮೈಕಮ್ಮ ನಕ್ಕಳು.

ಡಾಕ್ಟರು ಹೇಳಿಕೊಟ್ಟ ಮಾತು ಚೊಕ್ಕವಾಗಿತ್ತು. ಎಲ್ಲಿ ಹಾಕುತ್ತಾರೆ, ಯಾರು ಮೊದಲು ಬರಬೇಕು, ಜ್ವರ ಬಂದರೆ ಏನು ಮಾಡಬೇಕು, ಅಷ್ಟೇ. ಆದರೆ ಅಲ್ಲಿಗೆ ಗೆದ್ದ ಪಕ್ಷದ ಕಾರ್ಯಕರ್ತನೊಬ್ಬ ಬಂದು ಕೂತ. ಕೊನೆಯಲ್ಲಿ "ಇದನ್ನು ಕೊಡಿಸಿದ ನಮ್ಮ ನಾಯಕರಿಗೆ ಧನ್ಯವಾದ" ಅಂತ ಸೇರಿಸಬೇಕಂತೆ.

"ಔಷಧಿಗೆ ಯಾಕ್ರೀ ನಾಯಕ್ರು? ತಲೆನೋವು ಬಂದ್ರೆ ಮಾತ್ರೆ ಮೇಲೆ ಫೋಟೋ ಅಂಟಿಸ್ಕೊಂಡು ನುಂಗ್ತೀರಾ?" ಅಂದಳು ಮೈಕಮ್ಮ.

"ವ್ಯಾನ್ ಯಾರ್ದಮ್ಮ? ಡೀಸೆಲ್ ಯಾರ್ದು? ಒಂದು ಥ್ಯಾಂಕ್ಸ್ ಹೇಳಕ್ಕೆ ನಾಲಿಗೆ ಸವೆಯುತ್ತಾ?"

ಮಾವ ಸೀಲಿಂಗ್ ನೋಡುತ್ತ ನಿಂತ. ಡಾಕ್ಟರು ಮೆಲ್ಲಗೆ ಅಂದರು, "ಹೇಳಿಬಿಡಿ. ಒಂದು ಸಾಲು ತಾನೆ. ಸೂಜಿ ಒಳಗಿರೋದು ಅದೇ ಔಷಧಿ ಅಲ್ವಾ?" ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಆ ಲೆಕ್ಕ. ಮೈಕಮ್ಮ ಅಕ್ಕನ ಉಬ್ಬಸ ನೆನೆಸಿಕೊಂಡು ಹೇಳಿಬಿಟ್ಟಳು.

ವ್ಯಾನಿನ ಮೇಲೆ ಕೈಮುಗಿದ ನಾಯಕರ ದೊಡ್ಡ ಮುಖ ಹಾಗೇ ಇತ್ತು. ಬಣ್ಣ ಕೆರೆಸಲು ಪುರುಸೊತ್ತಿಲ್ಲವೆಂದು ಮಾವ ಅದರ ಮೇಲೆ ಬೆಡ್‌ಶೀಟು ಹೊದಿಸಿದ್ದ. ಗಾಳಿ ಬೀಸಿದಾಗಲೆಲ್ಲ ನಾಯಕರು ಬೆಡ್‌ಶೀಟಿನಿಂದ ಇಣುಕಿ ನಗುತ್ತಿದ್ದರು. ಅಕ್ಕನ ಬೀದಿ ಸೇರುವ ಹೊತ್ತಿಗೆ ಬೆಡ್‌ಶೀಟು ಜಾರಿ ಚಕ್ರಕ್ಕೆ ಸುತ್ತಿಕೊಂಡಿತ್ತು. ಆ ಬೀದಿಯಲ್ಲಿ ಹೆಚ್ಚಿನವರು ಭಾವನ ಕಡೆಯವರು. ಒಬ್ಬರೂ ಬಾಗಿಲಿಗೆ ಬರಲಿಲ್ಲ. ಅಕ್ಕ ಒಬ್ಬಳೇ ಮಹಡಿಯ ಕಟ್ಟೆಗೆ ಒರಗಿ ನಿಂತು ಕೊನೆಯವರೆಗೂ ಕೇಳಿಸಿಕೊಂಡಳು.

ಸಂಜೆ ಮೈಕಮ್ಮ ಮೆಟ್ಟಿಲು ಹತ್ತಿದಳು. "ಕೇಳಿದ್ಯಲ್ಲ ಅಕ್ಕ? ನಾಳೆ ಹೋಗೋಣ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಲ್ಲೀಲಿ ನೀರು ಬರತ್ತೆ ಅಂದಿದ್ದೂ ಇದೇ ಬಾಯಿ ಅಲ್ವೇನೇ?"

"ಅದು ಕಾಸಿಗೆ ಹೇಳಿದ್ದು."

"ಇದು?"

"ಇದಕ್ಕೂ ಕೊಡ್ತಾರೆ. ಆದ್ರೆ ಇದು ನಿಜ ಕಣೆ."

"ಯಾವುದು ನಿಜ, ಯಾವುದು ಕಾಸಿಂದು ಅಂತ ನಾನು ಹೇಗೆ ಗುರುತು ಹಿಡೀಲಿ? ಎರಡಕ್ಕೂ ಅಕ್ಕಾ ಅಂತಲೇ ಕರೀತೀಯ."

ಮೈಕಮ್ಮ ಬಂದ ಮೆಟ್ಟಿಲನ್ನೇ ಇಳಿದು ಹೋದಳು.

ಆದರೂ ಬಿಡುವ ಪೈಕಿ ಅಲ್ಲ ಅವಳು. ಮಾರನೇ ದಿನ ವ್ಯಾನೂ ಬೇಡ, ಮೈಕೂ ಬೇಡ, ಧನ್ಯವಾದವೂ ಬೇಡ ಅಂತ ಡಾಕ್ಟರನ್ನೇ ನಡೆಸಿಕೊಂಡು ಆ ಬೀದಿಗೆ ಬಂದಳು. ಜನ ದೂರ ದೂರ ನಿಂತು ಸೇರಿದರು. ಭಾವನೇ ಮುಂದೆ ಬಂದ. "ಮೇಡಂ, ಇದನ್ನ ಹಾಕಿಸ್ಕೊಂಡ್ರೆ ಏನೂ ಆಗಲ್ಲ ಅಂತ ಎದೆ ಮುಟ್ಕೊಂಡು ಹೇಳಿ ನೋಡೋಣ."

ಡಾಕ್ಟರು ಅಂದರು, "ಏನೂ ಆಗಲ್ಲ ಅಂತ ಹೇಳಕ್ಕಾಗಲ್ಲ. ಜ್ವರ ಬರಬಹುದು, ಮೈಕೈ ನೋವು ಬರಬಹುದು. ತೀರ ಅಪರೂಪಕ್ಕೆ ಒಬ್ಬಿಬ್ಬರಿಗೆ ಅದಕ್ಕಿಂತ ಹೆಚ್ಚಿನ ತೊಂದ್ರೆನೂ ಆಗಬಹುದು. ಆದ್ರೆ ಉಬ್ಬಸ ಇರೋರಿಗೆ ಈ ಕಾಯಿಲೆ ಹತ್ತಿದ್ರೆ, ಅದು ಇದಕ್ಕಿಂತ ತುಂಬ, ತುಂಬ ಕೆಟ್ಟದ್ದು. ನನಗೆ ಇವತ್ತು ಗೊತ್ತಿರೋದು ಇಷ್ಟು. ನಾಳೆ ಹೊಸದೇನಾದ್ರೂ ಗೊತ್ತಾದ್ರೆ ಬಂದು ಅದನ್ನೂ ಹೇಳ್ತೀನಿ."

ಮಹಡಿಯಿಂದ ಅಕ್ಕ ಕೇಳಿಸಿಕೊಂಡಳು. ಆಮೇಲೆ ತಂಗಿಗೆ ಹೇಳಿದಳು, "ಈಯಮ್ಮ ಪರವಾಗಿಲ್ಲ ಕಣೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾಳೆ. ಭಾನುವಾರ ಹೋಗೋಣ, ಈ ಅರ್ಜೆಂಟ್ ಬಟ್ಟೆ ಒಂದು ಮುಗೀಲಿ." ಭಾವನೂ ಗೊಣಗಿದನೇ ಹೊರತು ಬೇಡ ಅನ್ನಲಿಲ್ಲ. ಮೈಕಮ್ಮ ಆವತ್ತು ಮೆಟ್ಟಿಲಿಳಿದಿದ್ದು ನಡೆದುಕೊಂಡಲ್ಲ, ಹಾರಿಕೊಂಡು.

ಆದರೆ ಬೀದಿಯಲ್ಲಿ ಯಾರೋ ಇದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಿದ್ದರು. ಡಾಕ್ಟರ ಮಾತಿನ ಬಾಲ ಕತ್ತರಿಸಿ ತಲೆಯನ್ನಷ್ಟೇ ಊರೆಲ್ಲ ಹಂಚಿದರು. "ಏನೂ ಆಗಲ್ಲ ಅಂತ ಹೇಳಕ್ಕಾಗಲ್ಲ." ಎದುರು ಪಕ್ಷದವರಿಗೆ ಹಬ್ಬವೋ ಹಬ್ಬ, ನೋಡಿ ಡಾಕ್ಟರೇ ಒಪ್ಪಿಕೊಂಡರು ಅಂತ. ಈ ಪಕ್ಷದವರಿಗೆ ಮೈಯೆಲ್ಲ ಉರಿ, ನಮ್ಮ ಸೂಜಿಗೆ ಇವಳೇ ಹೆಸರು ಕೆಡಿಸಿದಳು ಅಂತ. ಪೂರ್ತಿ ಮಾತು ಯಾರಿಗೂ ಬೇಕಿರಲಿಲ್ಲ. ಶನಿವಾರದ ಹೊತ್ತಿಗೆ ಡಾಕ್ಟರನ್ನು ಬೇರೆಲ್ಲಿಗೋ ಎತ್ತಂಗಡಿ ಮಾಡಿದರು.

ಕಾರ್ಯಕರ್ತ ಮತ್ತೆ ಅಂಗಡಿಗೆ ಬಂದ. ಈಗ "ಏನೂ ಆಗಲ್ಲ, ನೂರಕ್ಕೆ ನೂರು" ಅಂತ ಹೇಳಬೇಕಂತೆ. ಮೈಕಮ್ಮ ಖಡಾಖಂಡಿತವಾಗಿ ಆಗಲ್ಲ ಅಂದಳು. "ಡಾಕ್ಟ್ರು ಹೇಳದೇ ಇರೋದನ್ನ ನಾನು ಹೇಳಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅವಳು ಮರೆತಿದ್ದು ಒಂದೇ. ಮೈಕಿನವರು ಯಾವ ದನಿಯನ್ನೂ ಬಿಸಾಡುವುದಿಲ್ಲ. ಕೂದಲ ಬಣ್ಣದ ಹಳೇ ಜಾಹೀರಾತಿನಲ್ಲಿ ಅವಳೇ ಹಿಂದೆ ಹೇಳಿದ್ದಳು, "ಹಚ್ಚಿ ನೋಡಿ, ಏನೂ ಆಗಲ್ಲ, ನೂರಕ್ಕೆ ನೂರು!" ಮಾವ ಅದನ್ನು ಹುಡುಕಿ ತೆಗೆದು, ಕತ್ತರಿಸಿ, ಸೂಜಿಯ ಮಾತಿಗೆ ಅಂಟಿಸಿದ. ಹೊಲಿಗೆ ಎಲ್ಲಿದೆ ಅಂತ ಯಾರಿಗೂ ಕಾಣದ ಹಾಗೆ. ಭಾನುವಾರ ಬೆಳಿಗ್ಗೆ ಅಕ್ಕ ಹೊಸ ಸೀರೆ ಉಟ್ಟು ತಂಗಿಗಾಗಿ ಕಾಯುತ್ತಿದ್ದಾಗ ವ್ಯಾನು ಬೀದಿಗೆ ಬಂತು. "ಅಕ್ಕಾ... ಒಂದ್ನಿಮಿಷ ಬಾಗ್ಲಿಗೆ ಬಾ! ಏನೂ ಆಗಲ್ಲ, ನೂರಕ್ಕೆ ನೂರು!"

ಮೈಕಮ್ಮ ಓಡುತ್ತ ಬರುವಷ್ಟರಲ್ಲಿ ಅಕ್ಕ ಸೀರೆ ಬದಲಿಸಿ ಮಿಷನ್ನಿನ ಮುಂದೆ ಕೂತಾಗಿತ್ತು.

"ಅದು ನಾನಲ್ಲ ಅಕ್ಕ! ಅದು ಕೂದಲ ಬಣ್ಣದ್ದು, ಮಾವ ಕತ್ತರಿಸಿ ಅಂಟ್ಸಿದಾನೆ!"

"ಕೂದಲ ಬಣ್ಣಕ್ಕೂ ಅದೇ, ನೀರಿಗೂ ಅದೇ, ಜೀವಕ್ಕೂ ಅದೇ." ಅಕ್ಕನಿಗೆ ಸಿಟ್ಟೂ ಇರಲಿಲ್ಲ, ಸೋತಿದ್ದಳು ಅಷ್ಟೇ. "ಡಾಕ್ಟ್ರನ್ನ ಕೇಳೋಣ ಅಂದ್ರೆ ಅವ್ರನ್ನೂ ಓಡ್ಸಿದಾರಂತೆ. ಎಲ್ಲ ತಿಳಿಯಾಗ್ಲಿ, ಆಮೇಲೆ ನೋಡೋಣ. ಸದ್ಯ ಬೇಡ ಬಿಡು."

ತಿಳಿಯಾಗುವುದೆಲ್ಲಿ ಬಂತು? ರೋಗ ಯಾರ ಪಕ್ಷವನ್ನೂ ಕೇಳಲಿಲ್ಲ. ಬಟ್ಟೆ ಕೊಡಲು ಬಂದವರಿಂದಲೋ, ಭಾವ ಹೋಗಿ ಬಂದ ಸಭೆಯಿಂದಲೋ, ಅಂತೂ ಮಹಡಿ ಹತ್ತಿತು. ಭಾವ ಕೆಮ್ಮಿ ಕೆಮ್ಮಿ ಎದ್ದು ಕೂತ. ಅಕ್ಕ ಏಳಲಿಲ್ಲ. ಆಸ್ಪತ್ರೆಯವರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನರ್ಸಮ್ಮನೊಬ್ಬಳು ಕನಿಕರಪಟ್ಟು ಅಕ್ಕನ ಕಿವಿಗೆ ಫೋನು ಹಿಡಿದಳು. ಆಚೆ, ಆಸ್ಪತ್ರೆಯ ಕಾಂಪೌಂಡಿನ ಹತ್ತಿರ, ಮೈಕಮ್ಮ.

"ಅಕ್ಕಾ..." ಅಂದಳು. "ಏನೂ ಆಗಲ್ಲ ಅಕ್ಕ."

ಅಂದ ಕೂಡಲೇ ಅವಳಿಗೇ ಕೇಳಿಸಿತು. ಅದೇ ರಾಗ, ಅದೇ ಎಳೆತ, ವ್ಯಾನಿನ ಮೇಲಿನ ಹಾರನ್ನಿನಿಂದ ಬಂದದ್ದೇ. ಬೇರೆ ದನಿಗಾಗಿ ಗಂಟಲೊಳಗೆ ತಡಕಾಡಿದಳು. ಒಂದೂ ಸಿಗಲಿಲ್ಲ, ಎಲ್ಲವನ್ನೂ ಮಾರಿಕೊಂಡಾಗಿತ್ತು. ಆ ಕಡೆಯಿಂದ ಉಸಿರು ಎಳೆದೂ ಎಳೆದೂ ಅಕ್ಕ ಅಂದಳು, "ಮೈಕ್ ಆಫ್ ಮಾಡೇ."

ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ, ಮೈಕಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅದೇ ಕೊನೆಯ ಮಾತು.

ಅಳು ಆರುವ ಮೊದಲೇ ಎರಡೂ ಕಡೆಯವರು ಬಂದರು. ಸರ್ಕಾರವೇ ಕೊಂದಿತು ಅಂತ ಹೇಳಿ ಅಂದರು ಎದುರು ಪಕ್ಷದವರು, ಸತ್ತವಳ ಸ್ವಂತ ತಂಗಿಯ ದನಿಯಲ್ಲಿ ಬಂದರೆ ಅದರ ತೂಕವೇ ಬೇರೆಯಂತೆ. ಲಸಿಕೆ ಬೇಡ ಅಂದವರ ಗತಿ ಇದು ಅಂತ ಹೇಳಿ ಅಂದರು ಇವರು. ಅದಕ್ಕೂ ತೂಕ ಜಾಸ್ತಿಯಂತೆ. ಮೈಕಮ್ಮ ಇಬ್ಬರ ಮುಖಕ್ಕೂ ಬಾಗಿಲು ಹಾಕಿದಳು. ಭಾವ ಮಾತ್ರ ಪಕ್ಷದ ಮಾತೇ ಎತ್ತಲಿಲ್ಲ. ಆ ಒಣ ನಲ್ಲಿಯ ಕೆಳಗೆ ಕೂತು, ಅದರಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿದ, "ಕೆಳಗಡೆ ನಿಂತು ಕರೀತಿದ್ಯಲ್ಲಮ್ಮ, ಹಾಗೆ ಒಂದ್ಸಲ ಕರೀತೀಯಾ? ಸುಮ್ನೆ. ಮನೆ ಕೇಳಿಸ್ಕೊಳ್ಳಲಿ." ಅವಳು ಬೀದಿಗಿಳಿದಳು, ಕತ್ತೆತ್ತಿ ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಅವಳು ರೆಕಾರ್ಡಿಂಗ್ ಕೆಲಸ ಬಿಟ್ಟಳು. ಅದರಿಂದ ಏನು ಕೆಟ್ಟಿತು ಮಾವನಿಗೆ? ಪೆಟ್ಟಿಗೆ ತುಂಬ ಅವಳ ಹಳೇ ಮಾತು ಬಿದ್ದಿವೆ, ಬೇಕಾದ ಹಾಗೆ ಜೋಡಿಸಿಕೊಳ್ಳುತ್ತಾನೆ. ಈ ಸಲದ ಚುನಾವಣೆಗೂ ಅಕ್ಕನ ಬೀದಿಯಲ್ಲಿ ಅದೇ ಕೂಗು ಹೋಯಿತು, ಬೇಸಗೆಯೊಳಗೆ ನಲ್ಲಿ ನೀರು ಅಂತ. ಜನ ಮತ್ತೆ ಬಾಗಿಲಿಗೆ ಬಂದರು. ಮುಂದಿನ ಸಲ ಇನ್ಯಾವುದೋ ರೋಗ ಬಂದರೂ ಅದೇ ವ್ಯಾನು, ಅದೇ ಬೆಡ್‌ಶೀಟು, ಅದೇ ದನಿ ಹೋಗುತ್ತದೆ. ಅದನ್ನು ತಡೆಯುವುದು ದನಿಯ ಒಡತಿಯ ಕೈಯಲ್ಲೇ ಇಲ್ಲ.

ಈಗ ಅವಳು ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂರುತ್ತಾಳೆ. ಮುಂದೆ ಮೈಕ್ ಇದೆ, ಅದರ ವೈರು ಕಿತ್ತಿಟ್ಟಿದ್ದಾಳೆ. ಗಾಜಿನ ತೂತಿನಿಂದಲೇ ಮಾತು, ಕಿವಿ ಹತ್ತಿರ ತಂದರಷ್ಟೇ ಕೇಳುತ್ತದೆ. ಆ ಕಡೆ ಹೋದಾಗ ಒಂದು ಗಳಿಗೆ ನಿಂತು ಮಾತಾಡಿಸಿ, ನಿಮಗೆ ಬಸ್ಸು ಬೇಕಿಲ್ಲದಿದ್ದರೂ ಸರಿ. "ಬರಬಹುದು, ಗ್ಯಾರಂಟಿ ಹೇಳಕ್ಕಾಗಲ್ಲ" ಅಂದರೆ ಸಿಡುಕಬೇಡಿ, ಆ ಒಂದು ಮಾತು ಕಲಿಯಲು ಅವಳು ತೆತ್ತಿದ್ದು ಕಮ್ಮಿಯಲ್ಲ. ಮೇಡಂ ಅನ್ನಿ, ಮೈಕಮ್ಮ ಅನ್ನಿ, ಏನು ಬೇಕಾದರೂ ಅನ್ನಿ. ಅಕ್ಕಾ ಅಂತ ಎಳೆದು ಮಾತ್ರ ಕರೆಯಬೇಡಿ. ಹೋಗಿ ಬನ್ನಿ.