ಎರಡ ಸಲದ ಕಲ್ಮೇಶ

ಬೈಲಹೊಂಗಲದಲ್ಲಿ ಬರೀ ಕಲ್ಮೇಶ ಎಂದು ವಿಚಾರಿಸಿದರೆ ‘ಯಾವ ಕಲ್ಮೇಶ?’ ಅನ್ನುತ್ತಾರೆ. ‘ಎರಡ ಸಲದ ಕಲ್ಮೇಶ’ ಅಂದರೆ ಮಾತ್ರ ಮನೆ ಬಾಗಿಲಿನತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ಬಾಗಿಲಿಗೆ ಕೀಲಿ ಹಾಕಿ ಓಣಿಯ ತುದಿ ಮುಟ್ಟಿದವನು ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತಾನೆ. ಚಹಾಕ್ಕೆ ಸಕ್ಕರೆ ಹಾಕಿದ್ದೀರಾ ಎಂದು ಕೇಳಿ, ಹಾಕಿದ್ದೇವೆ ಅಂದ ಮೇಲೂ ‘ಖರೇನ?’ ಅನ್ನುತ್ತಾನೆ. ಕನ್ಯೆ ನೋಡಲು ಹೋದಾಗ ಶೀತಲ್‌ಗೆ, “ನಿಮಗ ಒಪ್ಪಿಗಿ ಐತೇನ್ರಿ?” ಎಂದು ಕೇಳಿದ್ದನಂತೆ. ಆಕೆ ತಲೆ ಅಲ್ಲಾಡಿಸಿದ ಮೇಲೆ ಮತ್ತೆ ಕೇಳಿದ. “ಈಗ ಐತ್ರಿ. ಇನ್ನೊಮ್ಮೆ ಕೇಳಿದ್ರ ಇಲ್ಲ,” ಅಂದಳು ಶೀತಲ್. ಮದುವೆಯಾದದ್ದು ಅವನ ಪುಣ್ಯ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ನೇಸರಗಿಯ ಒಕ್ಕಲುತನದ ಮನೆಯ ಹುಡುಗ ಅವನು. ಡಿಪ್ಲೊಮಾ ಪರೀಕ್ಷೆಗೆಂದು ಬೆಳಗಾವಿಗೆ ಹೊರಟ ದಿನ, ಗದ್ದಲದಲ್ಲಿ ಓಡಿ ಹೋಗಿ ಬಸ್ ಹತ್ತಿದ. ಬೋರ್ಡಿಗೆ ಅರ್ಧ ಕೆಸರು ಮೆತ್ತಿತ್ತು, ‘ಬೆ’ ಎಂದು ಕಂಡದ್ದು ‘ಬೈ’ ಆಗಿತ್ತು. ಬೆಳಗಾವಿಯಲ್ಲಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಇವನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕಣ್ಣು ಬಿಡುತ್ತ ನಿಂತಿದ್ದ. ಒಂದು ವರ್ಷ ಹಾಳಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಪ್ಪ ಪರಸಪ್ಪ ಬೈದ. ಆ ಮಾತು ಎಷ್ಟು ಆಳಕ್ಕೆ ಇಳಿಯಿತೆಂದರೆ, ಅಂದಿನಿಂದ ಕಲ್ಮೇಶ ತನ್ನ ಕಣ್ಣನ್ನೂ ಒಂದೇ ಸಲಕ್ಕೆ ನಂಬುವುದನ್ನು ಬಿಟ್ಟ.

ಮುಂದೆ ಸಿಕ್ಕ ಕೆಲಸ ಈ ಚಟಕ್ಕೆ ಹೇಳಿ ಮಾಡಿಸಿದಂತಿತ್ತು. ಬೈಲಹೊಂಗಲದ ಒಂದು ಸಣ್ಣ ಕಂಪನಿಯಲ್ಲಿ ಕುಳಿತು, ಸುತ್ತಲಿನ ಊರುಗಳಲ್ಲಿರುವ ಸರ್ವರುಗಳನ್ನು ದೂರದಿಂದಲೇ ನೋಡಿಕೊಳ್ಳುವುದು. ಎದುರಿಗೆ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರದ ಕಮಾಂಡು. ಚಿತ್ರವಿಲ್ಲ, ಬಣ್ಣವಿಲ್ಲ. ಸರ್ವರಿನ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಯಜಮಾನ ಮಲಗಿದರೂ ಬಾಗಿಲಲ್ಲಿ ಎಚ್ಚರವಿರುವ ನಾಯಿಯಂತೆ ಅದು. ಸರ್ವರ್ ಎದ್ದಿದೆಯೇ, ಮಲಗಿದೆಯೇ, ಮೈ ಬಿಸಿ ಎಷ್ಟು ಎಂದು ಕೇಳಿದರೆ ಹೇಳುತ್ತದೆ. ಎಬ್ಬಿಸು ಅಂದರೆ ಎಬ್ಬಿಸುತ್ತದೆ, ಮಲಗಿಸು ಅಂದರೆ ಮಲಗಿಸುತ್ತದೆ. ಇಂಥ ನಾಯಿಯನ್ನು ಕಂಡವರ ಕೈಗೆ ಕೊಡಲಾದೀತೇ? ಅದಕ್ಕೇ ಕಲ್ಮೇಶ ಅದನ್ನು ಬೀದಿಯ ಇಂಟರ್ನೆಟ್ಟಿಗೆ ಬಿಟ್ಟಿರಲಿಲ್ಲ. ಮೊದಲು ಎಸ್‌ಎಸ್‌ಎಚ್ ಎಂಬ ಗುಪ್ತ ದಾರಿಯ ಕೀಲಿಯಿಂದ ನಡುವಿನ ಒಂದು ಯಂತ್ರಕ್ಕೆ ಹೊಕ್ಕು, ಅಲ್ಲಿಂದಲೇ ಅದನ್ನು ಮಾತಾಡಿಸಬೇಕು. ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲಿ ಎಂದೂ ಹೊಡೆಯುತ್ತಿರಲಿಲ್ಲ, ಹೊಡೆದದ್ದನ್ನೆಲ್ಲ ಯಂತ್ರ ನೆನಪಿಟ್ಟುಕೊಳ್ಳುತ್ತದೆ ಎಂದು. ಎಂಟರ್ ಒತ್ತುವ ಮುಂಚೆ ಎರಡು ಸಲ ಓದುತ್ತಿದ್ದ.

ಅವನು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದು ರಾಮದುರ್ಗದ ನರ್ಮದಾಬಾಯಿಯವರ ಮನೆಯಲ್ಲಿತ್ತು. ಶಾಸ್ತ್ರಿಗಳ ಮನೆತನದ ಈ ಬಾಯಿ ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಬೀಸುಕಲ್ಲಿನ ಪದಗಳನ್ನು ರೆಕಾರ್ಡ್ ಮಾಡಿದವರು. ಯಾರೋ ದಾನ ಕೊಟ್ಟ ಹಳೇ ಸರ್ವರಿನಲ್ಲಿ ಆ ದನಿಗಳೆಲ್ಲ ಇದ್ದವು. ಆ ಮನೆಯ ಕೀಲಿಕೈ ಮಾಯವ್ವನ ಹತ್ತಿರ. ಕಸ ಮುಸುರೆಗೆಂದು ಬಂದ ಮಾಯವ್ವ ಅಲ್ಲಿಯೇ ಉಳಿದದ್ದಕ್ಕೆ ಒಂದು ಕಾರಣವಿತ್ತು. ತೀರಿಹೋದ ಅವಳ ಅಕ್ಕ ಸೀತವ್ವನ ದನಿ ಆ ಪೆಟ್ಟಿಗೆಯಲ್ಲಿತ್ತು. ಅಕ್ಕನ ಒಂದು ಫೋಟೋ ಕೂಡ ಇರಲಿಲ್ಲ, ಇದ್ದದ್ದು ಆ ದನಿಯೊಂದೇ. ಮನಸ್ಸು ಬಂದಾಗ, “ಬಾಯಾರ, ಅಕ್ಕನ್ನ ಹಚ್ಚರಿ,” ಅನ್ನುತ್ತಿದ್ದಳು. ನೀನೂ ಹಾಡೇ ಎಂದು ಬಾಯಿ ಕೇಳಿದರೆ, “ಅಕಿ ಮುಂದ ನಂದೇನ್ರಿ, ಕಾಗಿ ದನಿ,” ಎಂದು ಕಸಬರಿಗೆ ಎತ್ತಿಕೊಳ್ಳುತ್ತಿದ್ದಳು.

ಇಲ್ಲೊಂದು ಹೇಳಿಬಿಡಬೇಕು. ಆ ದನಿಗಳನ್ನು ಇನ್ನೊಂದು ಕಡೆ ನಕಲು ಮಾಡಿಡಬೇಕೆಂದು ಕಲ್ಮೇಶ ಅಂದುಕೊಳ್ಳುತ್ತಲೇ ಇದ್ದ. ಎಲ್ಲವನ್ನೂ ಎರಡು ಸಲ ಮಾಡುವ ಮನುಷ್ಯ ಎರಡು ಸಲ ಮಾಡಲೇಬೇಕಾದ ಇದೊಂದನ್ನು ಮಾಡಿರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ರಾಮದುರ್ಗದ ಆ ಕೋಣೆಯ ಎಸಿ ಕೆಟ್ಟಿತು. ನರ್ಮದಾಬಾಯಿ ಮದುವೆಗೆಂದು ಸವದತ್ತಿಗೆ ಹೋಗಿದ್ದರು. ಕಲ್ಮೇಶ ಕಮಾಂಡು ಹೊಡೆದು ಸರ್ವರಿನ ಮೈ ಮುಟ್ಟಿ ನೋಡಿದ. ಕೆಂಡ! ಹೀಗೇ ಬಿಟ್ಟರೆ ಡಿಸ್ಕುಗಳು ಸುಟ್ಟು, ದನಿಗಳು ಹೋಗುತ್ತವೆ. ಮೆಲ್ಲಗೆ ಬಂದ್ ಆಗು ಎಂದು ಕಮಾಂಡು ಕೊಟ್ಟ. ಉತ್ತರ ಬರುವಷ್ಟರಲ್ಲಿ ರಾಮದುರ್ಗದಲ್ಲಿ ಕರೆಂಟ್ ಹೋಗಿ ಸಂಪರ್ಕವೇ ಕಡಿದುಹೋಯಿತು. ಸರ್ವರಿಗೆ ಬ್ಯಾಟರಿ ಇತ್ತು, ನೆಟ್ಟಿಗೆ ಇರಲಿಲ್ಲ. ಕಮಾಂಡು ಮುಟ್ಟಿತೋ ಇಲ್ಲವೋ? ಕಲ್ಮೇಶನಿಗೆ ತಿಳಿಯಲಿಲ್ಲ. ಮಾಯವ್ವನಿಗೆ ಫೋನ್ ಹಚ್ಚಿದ. ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಅಂಗಳದಲ್ಲಿ. ಅವಳು ಒಳಗೆ ಹೋಗಿ ನೋಡಿಬಂದು ಹೇಳಬೇಕು. ಹೋಗಿ ಬರುವಷ್ಟರಲ್ಲಿ ಕರೆಂಟೂ ಬಂದಿತ್ತು.

“ಕರೆಂಟ್ ಬಂದೈತ್ರಿ. ಮಷೀನ ಬಂದೈತ್ರಿ,” ಅಂದಳು ಮಾಯವ್ವ.

ಕಲ್ಮೇಶ ಕುರ್ಚಿಯಿಂದ ಎದ್ದು ನಿಂತ. ಕರೆಂಟ್ ಬಂದ ಕೂಡಲೇ ಮಷೀನೂ ಎದ್ದು ಕುಳಿತಿತೇ? “ಯಕ್ಕಾ, ಮುಂದ ಒಂದ ಗುಂಡನ ಬಟನ್ ಐತಿ ನೋಡ್ರಿ, ಅದನ್ನೊಮ್ಮೆ ಒತ್ತಿ ಬರ್ರಿ.”

ಒತ್ತಿ ಬಂದಳು.

“ಈಗ ಬಂದೈತೇನ್ರಿ?”

“ಹೂಂರಿ, ಬಂದೈತಿ.”

“ಖರೇನ ಬಂದೈತಿ?”

“ಅಯ್ಯ, ಛಲೋತಂಗ ಬಂದೈತ್ರಿ!”

ಎರಡು ಸಲ ಕೇಳಿಯಾಗಿತ್ತು. ಮಷೀನು ಮಲಗಿತೆಂದು ಕಲ್ಮೇಶ ನಿರಾಳನಾಗಿ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತ. ಉಂಡು ಕೈ ತೊಳೆದು ಬರುವಷ್ಟರಲ್ಲಿ ನೆಟ್ ಬಂದಿತ್ತು. ಚಟ ಬಿಡಬೇಕಲ್ಲ, ಪವರ್ ಸ್ಟೇಟಸ್ ಕೇಳಿದ. ಪರದೆ ‘ಆನ್’ ಎಂದಿತು. ಮತ್ತೆ ಕೇಳಿದ. ಮತ್ತೆ ‘ಆನ್’. ಮೈ ಬಿಸಿ ಮೊದಲಿಗಿಂತ ಹೆಚ್ಚು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದಂತಾಯಿತು. ಪರದೆ ಸುಳ್ಳು ಹೇಳುವುದಿಲ್ಲ. ಮಾಯವ್ವನೂ ಸುಳ್ಳು ಹೇಳುವವಳಲ್ಲ. ಹಾಗಾದರೆ ಮೂರನೆಯವನು ಯಾರೋ ಹೊಕ್ಕಿದ್ದಾನೆ! ಕೀಲಿ ಕದ್ದರೇ? ಬೆವರುತ್ತ ಕಲ್ಮೇಶ ಪಾಸ್‌ವರ್ಡ್ ಬದಲಿಸಿದ. ಬದಲಾದದ್ದು ಖರೇನೋ ಎಂದು ಮತ್ತೊಮ್ಮೆ ನೋಡಿದ. ಅಲ್ಲ, ತಾನು ಮಾತಾಡಿಸುತ್ತಿರುವುದೇ ಬೇರೆ ಊರಿನ ಮಷೀನೇನೋ, ಬೆಳಗಾವಿ ಎಂದು ಬೈಲಹೊಂಗಲದ ಬಸ್ ಹತ್ತಿದ ತಲೆ ಇದು! ವಿಳಾಸ ಓದಿದ. ರಾಮದುರ್ಗದ್ದೇ. ಮತ್ತೆ ಓದಿದ. ಏನೂ ಬಗೆಹರಿಯಲಿಲ್ಲ, ಬಿಸಿ ಮಾತ್ರ ಏರುತ್ತಿತ್ತು. ತನ್ನನ್ನು ತಾನೇ ನಂಬಲಾರದೆ, ಬೇರೆ ಯಾರದೋ ಮಷೀನನ್ನು ಮಲಗಿಸಿಬಿಟ್ಟೇನೆಂದು ಬಂದ್ ಮಾಡುವ ಕಮಾಂಡು ಕೊಡಲೂ ಹೆದರಿದ.

ಆಗ ಒಂದು ಕಮಾಂಡು ನೆನಪಿಗೆ ಬಂತು. ಇಲ್ಲಿಂದ ಹೊಡೆದರೆ ಅಲ್ಲಿನ ಮಷೀನಿನ ಮುಂದೆ ನೀಲಿ ದೀಪ ಮಿಣುಕುತ್ತದೆ. ಹತ್ತು ಮಷೀನುಗಳ ನಡುವೆ ಇದೇ ಅದು ಎಂದು ಗುರುತು ಹಿಡಿಯಲಿಕ್ಕೆ ಮಾಡಿದ್ದು. ಹೊಡೆದ. ಮಾಯವ್ವನಿಗೆ ಫೋನ್ ಮಾಡಿ, ಸಿಗ್ನಲ್ ಕಡಿದರೂ ಚಿಂತೆಯಿಲ್ಲ, ಫೋನ್ ಹಿಡಿದುಕೊಂಡೇ ಒಳಗೆ ಹೋಗಿ ಎಂದ.

“ನೀಲಿ ದೀಪ ಐತೇನ್ರಿ ಯಕ್ಕಾ?”

“ಐತ್ರಿ! ಮಿಣಮಿಣ ಅನ್ನಾಕತ್ತೈತಿ.”

ಅವಳ ಮಾತಿನ ಹಿಂದೆ ಹಿಟ್ಟಿನ ಗಿರಣಿಯಂಥ ಭರಾಟೆ ಕೇಳಿಸಿತು. “ಅದೇನ ಸಪ್ಪಳಾರಿ?”

“ಮಷೀನಿಂದ್ರಿ. ನೀವ ಚಾಲೂ ಮಾಡಿಸಿದ್ರೆಲ್ಲ.”

“ನಾನೆಲ್ಲಿ ಚಾಲೂ ಮಾಡಸಿದ್ನಿ?”

“ಮಷೀನ ಬಂದ್... ಐತ್ರಿ ಅಂದ್ನಿ. ಬಟನ್ ಒತ್ತು ಅಂದ್ರಿ. ಒತ್ತಿದ್ನಿ, ಬಂತು. ಬಂದೈತೇನ ಅಂದ್ರಿ, ಬಂದೈತಿ ಅಂದ್ನಿ. ಅದರಾಗೇನ ತಪ್ಪಾತ್ರಿ?”

ಕಲ್ಮೇಶ ಹಣೆ ಚಚ್ಚಿಕೊಂಡ. ಹುಟ್ಟಿದಾಗಿನಿಂದ ಆಡಿದ ಮಾತು ಅದು, ಬಂದು ನಿಂತದ್ದಕ್ಕೂ ಬಂದೈತಿ, ಬಂದ್ ಆಗಿ ಬಿದ್ದದ್ದಕ್ಕೂ ಬಂದೈತಿ. ಬಂದ್ ಆಗಿದ್ದ ಮಷೀನನ್ನು ತಾನೇ ಎಬ್ಬಿಸಿ, ಉರಿಯಲ್ಲಿ ಬಿಟ್ಟು, ರೊಟ್ಟಿ ಉಂಡಿದ್ದ. ಗಡಬಡಿಸಿ ಕಮಾಂಡು ಹೊಡೆದ. ಭರಾಟೆ ನಿಂತಿತು. “ಯಕ್ಕಾ, ಇನ್ನ ಮ್ಯಾಲ ಎದ್ದೈತಿ ಅನ್ರಿ, ಇಲ್ಲಾ ಮಲಗೈತಿ ಅನ್ರಿ. ಬಂದೈತಿ ಅನಬ್ಯಾಡ್ರಿ.”

“ಮಲಗೈತ್ರಿ,” ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಅಕ್ಕಗ ಏನೂ ಆಗಿಲ್ಲಲ್ರಿ?”

“ನಾಳೆ ನಾನ ಬಂದ ನೋಡತೇನ್ರಿ ಯಕ್ಕಾ,” ಎಂದು ಕಲ್ಮೇಶ ಫೋನ್ ಇಟ್ಟ.

ಮರುದಿನ ಸವದತ್ತಿಯಲ್ಲಿ ಬಸ್ ಬದಲಿಸಿ, ಎರಡೂ ಬಸ್ಸುಗಳ ಬೋರ್ಡನ್ನು ಎರಡೆರಡು ಸಲ ಓದಿ, ರಾಮದುರ್ಗ ಮುಟ್ಟಿದ. ನರ್ಮದಾಬಾಯಿ ಬಂದಿದ್ದರು. ಎಸಿ ರಿಪೇರಿಯಾಗಿ ಕೋಣೆ ತಣ್ಣಗಾಗಿತ್ತು. ಮಷೀನು ಎಬ್ಬಿಸಿ ನೋಡಿದರೆ ಒಂದು ಡಿಸ್ಕು ಸತ್ತಿತ್ತು, ಅದೇ ದನಿಗಳನ್ನು ಹೊತ್ತ ಜೊತೆಯದು ಉಸಿರು ಹಿಡಿದುಕೊಂಡಿತ್ತು. ಮೊದಲು ದನಿಗಳನ್ನೆಲ್ಲ ತಾನು ತಂದಿದ್ದ ಹೊಸ ಡಿಸ್ಕಿಗೆ ಇಳಿಸಿಕೊಂಡ. ಮಾಯವ್ವ ಹೊಸ್ತಿಲಲ್ಲಿ ಸೆರಗು ಬಾಯಿಗೊತ್ತಿ ಕುಳಿತಿದ್ದಳು.

ಸೀತವ್ವನ ಪದ ಹಚ್ಚಿದ. ಕಲ್ಲಿನ ಗರಗರದ ಮೇಲೆ ದನಿ ಎದ್ದಿತು. ಮಾಯವ್ವ ಹೋದ ಜೀವ ಬಂದಂತೆ ಉಸಿರು ಬಿಟ್ಟಳು. ಪದ ಮುಗಿದದ್ದೇ ನರ್ಮದಾಬಾಯಿ ಕೈ ಚಾಚಿ, “ಸಾಕ್ರಿ, ಬಂದ್ ಮಾಡ್ರಿ,” ಎಂದರು. ಅವರು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದರು.

“ತುದಿತನಕ ಐತೋ ಇಲ್ಲೋ ನೋಡಬೇಕ್ರಿ ಬಾಯಾರ,” ಎಂದು ಕಲ್ಮೇಶ ಬಿಡಲಿಲ್ಲ. ಬಾಯಿಯ ಮುಖ ಯಾಕೆ ಬಾಡಿತೆಂದು ಅವನಿಗೆ ಅರ್ಥವಾಗಲಿಲ್ಲ.

ಕಲ್ಲು ನಿಂತ ಸಪ್ಪಳ. ಸೀತವ್ವನ ದನಿ ಕೇಳಿತು: “ಬಂದೈತೇನ್ರಿ?”

ನರ್ಮದಾಬಾಯಿಯ ಎಳೇ ದನಿ, ಖುಷಿಯಿಂದ: “ಹೂಂ, ಬಂದದ, ಬಂದದ.”

“ಹಂಗಾದ್ರ ಒಂದ ಮಾತ ಹೇಳತೇನಿ. ನಮ್ಮ ಮಾಯವ್ವ ನನಕಿಂತ ಛಲೋ ಹಾಡತಾಳ್ರಿ. ಅಕಿ ಬಾಯಿ ತಗದ್ರ ನಂದ ಯಾರ ಕೇಳಬೇಕು? ಅದಕ್ಕ ಕಾಗಿ ದನಿ, ಕಾಗಿ ದನಿ ಅಂತ ಸಣ್ಣಾಕಿದ್ದಾಗಿಂದ ಅಂದ ಅಂದ ಅಕಿ ಬಾಯಿ ಮುಚ್ಚಿಸೇನಿ. ತಪ್ಪ ಮಾಡೇನ್ರಿ. ಅಕಿ ಮುಂದ ಹೇಳಬ್ಯಾಡ್ರಿ ಮತ್ತ, ಆಣಿ ಐತಿ.”

ಆಮೇಲೆ ಟಕ್ ಎಂದು ನಿಂತಿತು. ದನಿ ಬಂದಿದೆಯೆಂದು ಬಾಯಿ ಹೇಳಿದ್ದರು, ಮಷೀನು ಬಂದ್ ಆಗಿದೆಯೆಂದು ಸೀತವ್ವ ತಿಳಿದಿದ್ದಳು. ನರ್ಮದಾಬಾಯಿ ತಲೆ ತಗ್ಗಿಸಿದರು. “ಆಣಿ ಹಾಕಿದ್ಲು, ಮಾಯವ್ವ. ಅಳಸಲಿಕ್ಕೆ ಮನಸ್ಸಾಗಲಿಲ್ಲ, ಹೇಳಲಿಕ್ಕೆ ಬಾಯಿ ಬರಲಿಲ್ಲ.”

ಸಿಟ್ಟೋ ದುಃಖವೋ ಮಾಯವ್ವನ ಮುಖ ನೋಡಿ ತಿಳಿಯುವಂತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹಚ್ಚರಿ,” ಅಂದಳು.

ಕಲ್ಮೇಶ ಬಟನ್ನಿನ ಮೇಲೆ ಬೆರಳಿಟ್ಟು ಎಂದಿನಂತೆ ಕೇಳಿದ: “ಅಕ್ಕನ ಪದ ಹಚ್ಚಲ್ಯೋ, ಮಾತ ಹಚ್ಚಲ್ಯೋ?”

“ಮಾತ ಹಚ್ಚರಿ. ಪದ ನಾ ಹಾಡತೇನಿ.”