ತಿದ್ದದೆ ಓದಿದ ಪುಸ್ತಕ

ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕರಡಕ್ಕ ಎಂದೇ. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು. ಲಗ್ನಪತ್ರಿಕೆ ಕೊಟ್ಟರೂ ಮೊದಲು ಅಚ್ಚಿನ ತಪ್ಪು ಹುಡುಕಿ, ಆಮೇಲೆ ಮದುವೆ ಯಾರದೆಂದು ನೋಡುವ ಪೈಕಿ. ಪ್ರೆಸ್ಸು ಮುಚ್ಚಿದ ಮೇಲೆ ವಿಮರ್ಶಕರ ಮನೆಯಲ್ಲಿ ಪುಸ್ತಕ ಓದಿ ಹೇಳುವ ಕೆಲಸಕ್ಕೆ ಸೇರಿದಳು.

ವಿಮರ್ಶಕರೆಂದರೆ ಸಾಮಾನ್ಯರೇ? ವರ್ಷದ ಕೊನೆಗೆ ಪತ್ರಿಕೆಯಲ್ಲಿ ಅವರ ‘ನಾನು ಮೆಚ್ಚಿದ ಹತ್ತು ಪುಸ್ತಕಗಳು’ ಬರುತ್ತಿತ್ತು. ಅದರಲ್ಲಿ ಹೆಸರು ಬಂದವನು ಗೆದ್ದ, ಬಾರದವನು ರದ್ದಿಗೆ. ಅವರ ಕಣ್ಣು ಹೋಗಿ ಒಂಬತ್ತು ವರ್ಷವಾಗಿದೆ ಎಂಬುದು ಮಾತ್ರ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಕರಡಕ್ಕ ಓದುವಳು, ಅವರು ತಲೆದೂಗುವರು. ಆದರೆ ಕೈಯ ಚಟ ಬಾಯಿಗೂ ಹತ್ತಿತ್ತು. ಕುಂಟುವ ವಾಕ್ಯ ಕಂಡರೆ ಓದುತ್ತ ಓದುತ್ತಲೇ ನೆಟ್ಟಗೆ ಮಾಡುವಳು, ಉಪದೇಶ ಬಂದರೆ ಹಾರಿಸುವಳು, ಸಪ್ಪೆಯೆನಿಸಿದಲ್ಲಿ ತನ್ನದೊಂದು ಮಾತು ಸೇರಿಸುವಳು. ಎಂತೆಂಥ ದಂಡಪಿಂಡಗಳೋ ಅವಳ ಬಾಯಿಂದ ದೊಡ್ಡ ಸಾಹಿತಿಗಳಾಗಿ ಮೆರೆದರು!

ಆ ವರ್ಷ ಅವಳದೇ ಕಾದಂಬರಿ ಬೇರೆ ಹೆಸರಿನಲ್ಲಿ ಅಚ್ಚಾಯಿತು. ಹದಿನಾಲ್ಕು ವರ್ಷ ಮನೆಗೆಲಸದ ನಡುವೆ ಕದ್ದುಮುಚ್ಚಿ ಬರೆದದ್ದು. ಪಟ್ಟಿಯಲ್ಲಿ ಒಂಬತ್ತು ತುಂಬಿ ಒಂದು ಜಾಗ ಉಳಿದಿತ್ತು; ಉಳಿದ ಪುಸ್ತಕಗಳು ಎರಡು, ಒಬ್ಬ ನಿವೃತ್ತ ಅಧಿಕಾರಿಯದು ಮತ್ತು ಅವಳದು. ಆ ಒಂದು ಜಾಗ ಸಿಕ್ಕರೆ ಈ ಜನ್ಮಕ್ಕೆ ಸಾಕೆಂದುಕೊಂಡಿದ್ದಳು.

ಅಧಿಕಾರಿಯದನ್ನು ಎಂದಿನಂತೆ ತಿದ್ದಿ ತೀಡಿ ಓದಿದಳು. ತನ್ನದನ್ನು ಓದುವಾಗ ಮೂರನೆಯ ಪುಟದಲ್ಲೇ ನಾಲಿಗೆ ತುರಿಸಿತು. ಆದರೂ ತಡೆದುಕೊಂಡಳು. ತನ್ನದನ್ನೇ ತಿದ್ದಿ ಓದಿದರೆ ಮೋಸವಂತೆ! ಬೇರೆಯವರಿಗೆ ಒಂಬತ್ತು ವರ್ಷ ಮಾಡಿದ್ದು ಸೇವೆ, ತನಗೆ ಮಾಡಿಕೊಂಡರೆ ಮೋಸ. ಇಂಥ ಪೆದ್ದಿಯನ್ನು ಏನೆನ್ನಬೇಕು? ಇದ್ದದ್ದು ಇದ್ದ ಹಾಗೆ, ಅಚ್ಚಿನ ತಪ್ಪೂ ಬಿಡದೆ ಓದಿದಳು.

“ಸಾಕಮ್ಮ, ನಿಲ್ಸು. ಯಾರಿವಳು? ನಾಲ್ಕು ಮಾತು ಕೂಡ್ಸೋಕೇ ಬರಲ್ವಲ್ಲ!” ಎಂದರು ವಿಮರ್ಶಕರು. “ಹತ್ತನೇದು ಆ ಅಧಿಕಾರಿದೇ ಹಾಕು. ‘ಅವನು ಬರುವುದಿಲ್ಲವೆಂದು ಗೊತ್ತಾದ ಮೇಲೆ ಅವಳು ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಳು’ ಅಂತ ಬರೀತಾನಲ್ಲ, ಅದೊಂದಕ್ಕೇ ಕೊಡ್ಬಹುದು.”

ಆ ಸಾಲು ಅಧಿಕಾರಿಯ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಓದುವಾಗ ಕರಡಕ್ಕನೇ ಹುಟ್ಟಿಸಿದ್ದು.

“ಇನ್ನೊಂದು ಅಧ್ಯಾಯ ಕೇಳಿ ಸರ್...”

“ಬೇಡ. ಆಯಮ್ಮನಿಗೊಂದು ಕಾರ್ಡು ಬರಿ. ಬರೆಯೋದು ಬಿಟ್ಟುಬಿಡಿ, ಆ ಅಧಿಕಾರಿ ಪುಸ್ತಕ ನಾಲ್ಕು ಸಲ ಓದಿ, ವಾಕ್ಯ ಅಂದ್ರೇನು ಅಂತ ಗೊತ್ತಾಗುತ್ತೆ, ಅಂತ. ಸಹಿ ಹಾಕ್ತೀನಿ.”

ಹೇಳಿದಂತೆಯೇ ಬರೆದಳು. ತನ್ನ ಮನೆಯ ವಿಳಾಸ ಹಾಕಿ, ಅವರ ಬೆರಳು ಹಿಡಿದು ಸಹಿಯ ಜಾಗ ತೋರಿಸಿದಳು. ಹರಿದೆಸೆಯಬಹುದಿತ್ತು. ಒಪ್ಪಿಸಿದ ಕೆಲಸ ತಪ್ಪಿಸಿ ಗೊತ್ತಿಲ್ಲದವಳು, ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿದಳು.

ಮೂರನೆಯ ದಿನ ಕಾರ್ಡು ಗಂಡನ ಕೈಗೆ ಸಿಕ್ಕಿತು. ಆ ಹೆಸರು ಯಾರದೆಂದು ಪುಸ್ತಕ ಅಚ್ಚಾದ ಮೇಲೆ ಅವನೊಬ್ಬನಿಗೇ ಹೇಳಿದ್ದಳು. ಎರಡು ಸಲ ಓದಿದ. “ಅಷ್ಟು ದೊಡ್ಡವರು ಹೇಳ್ತಿದಾರೆ ಅಂದ್ರೆ ನಿಜಾನೇ ಇರ್ಬೇಕು ಬಿಡು. ಮನಸ್ಸಿಗೆ ಹಚ್ಕೋಬೇಡ,” ಎಂದ ಪಾಪ, ಸಮಾಧಾನಕ್ಕೆ.

ಕರಡಕ್ಕನೂ ಓದಿದಳು. ಕೈಬರಹ ತನ್ನದೇ ಆಗಿದ್ದರೂ ಅದನ್ನು ನಂಬಿದಳು. ಆಮೇಲೆ ಅವಳು ಒಂದು ಸಾಲೂ ಬರೆಯಲಿಲ್ಲ.