ಕೆಂಪು ಚಿಂದಿ ಕಟ್ಟಿದ ಸೌತೆಕಾಯಿ

ನಮ್ಮ ಮನೆಯಲ್ಲಿ ಹಸುಗಳು ಭಾವನವು, ಕೋಳಿಗಳು ಓರಗಿತ್ತಿಯವು, ಹೊಂಡದ ಮೀನು ನನ್ನ ಗಂಡನದು. ತರಕಾರಿ ಮಡಿಗಳಲ್ಲಿ ಮೈ ಮುರಿದು ದುಡಿಯುವವಳು ನಾನು. ಆದರೆ ಯಾವ ಕಾಯಿ ಮನೆಯವರ ಬಾಯಿಗೆ, ಯಾವುದು ಮುಂದಿನ ವರ್ಷದ ಮಣ್ಣಿಗೆ ಎಂದು ತೀರ್ಮಾನಿಸುವವರು ಮಾತ್ರ ಅತ್ತೆ. ಹಳೆಯ ಹೊದಿಕೆಯಿಂದ ಹರಿದ ಕೆಂಪು ಚಿಂದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆ ಮಡಿ ಸುತ್ತುತ್ತಾರೆ. ಎಲ್ಲಕ್ಕಿಂತ ಚೆಂದದ ಎಳೆಗಾಯಿಯ ತೊಟ್ಟಿಗೆ ಚಿಂದಿ ಬಿತ್ತೆಂದರೆ ಮುಗಿಯಿತು, ಅದು ಬಳ್ಳಿಯಲ್ಲೇ ಹಳದಿಯಾಗಿ ಬಲಿತು ಬೀಜವಾಗಬೇಕು. ಮೊಮ್ಮಕ್ಕಳು ಅವರನ್ನು ಚಿಂದಿ ಅಜ್ಜಿ ಎನ್ನುವುದು ಇದಕ್ಕೇ. ಕೈಗೆ ಸಿಕ್ಕಿದ್ದನ್ನೆಲ್ಲ ಕದ್ದು ತಿನ್ನುವ ಆ ಕೋತಿಗಳೂ ಚಿಂದಿ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಮದುವೆಯಾದ ಹೊಸತರಲ್ಲಿ ನನಗೆ ಇದನ್ನು ಕಂಡರೆ ಉರಿಯುತ್ತಿತ್ತು. ಬೆನ್ನು ಬಗ್ಗಿಸಿ ಬೆಳೆಸಿದವಳಿಗೆ ಸೊಟ್ಟಗಾಯಿ, ಮಣ್ಣಿಗೆ ಚಿನ್ನದಂಥದ್ದು! ಒಂದು ದಿನ ಕೇಳಿಯೂ ಬಿಟ್ಟೆ.

"ನಾನೇನು ತಿಂದೆನಾ? ಬಿತ್ತಿದ ಹಾಗೆ ಬೆಳೆ ಕಣೇ," ಎಂದು ಅತ್ತೆ ತಮ್ಮ ತಟ್ಟೆಯಲ್ಲಿದ್ದ ಸೊಟ್ಟಗಾಯಿಯ ಹೋಳುಗಳನ್ನು ತೋರಿಸಿದರು.

ಈಚೆಗೆ ಅವರ ಕಣ್ಣು ಮಂಜಾಗಿದೆ. ಒಪ್ಪಿಕೊಳ್ಳುವ ಜೀವವಲ್ಲ. ಬಕೆಟ್ಟನ್ನು ಹುಂಜವೆಂದುಕೊಂಡು ಗದರಿಸಿ, ಅದು ಕದಲದಿದ್ದರೆ ಹುಂಜಕ್ಕೆ ಸೊಕ್ಕು ಬಂದಿದೆ ಎನ್ನುತ್ತಾರೆ. ಅವರು ಆರಿಸಿದ ಬೀಜದಿಂದ ಹೋದ ಸಲ ಬಂದ ಸೌತೆಕಾಯಿಗಳಲ್ಲಿ ಅರ್ಧಕ್ಕರ್ಧ ಮುರುಟಿದವೇ. ಊಟಕ್ಕೆ ಕೂತಾಗ ಭಾವ ಮೆಲ್ಲಗೆ ಹೇಳಿದರು: "ಇದೊಂದು ಸಲ ನೋಡೋಣ ಅಮ್ಮ. ಮತ್ತೆ ಹೀಗೇ ಆದ್ರೆ ಅಂಗಡಿ ಬೀಜ ತಂದುಬಿಡ್ತೀನಿ."

ಅತ್ತೆ ಕೈ ತೊಳೆಯಲು ಎದ್ದವರು ಸೊಂಟದ ಚಿಂದಿ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಆ ಚಿಂದಿಯೂ ಹೋದರೆ ಈ ತೋಟದಲ್ಲಿ ಅವರದು ಅಂತ ಏನು ಉಳಿಯುತ್ತದೆ?

ಈ ಸಲ ಸೌತೆ ಬಿಟ್ಟಾಗ ಅವರು ಮೂರು ಕಾಯಿಗೆ ಚಿಂದಿ ಕಟ್ಟಿದರು. ಮೂರೂ ಸೊಟ್ಟ, ಒಂದಕ್ಕೆ ಹುಳ ಬೇರೆ. ಮುಟ್ಟಿ ನೋಡಿದ್ದರೆ ಅವರಿಗೇ ತಿಳಿಯುತ್ತಿತ್ತು, ಆದರೆ ಮುಟ್ಟಿ ನೋಡುವುದು ಕಣ್ಣಿಲ್ಲದವರ ಕೆಲಸವೆಂಬ ಹಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯಾಹ್ನ ಅವರು ಅಡ್ಡಾದ ಹೊತ್ತಿನಲ್ಲಿ ನಾನು ಆ ಚಿಂದಿಗಳನ್ನು ಬಿಚ್ಚಿ ಒಳ್ಳೆಯ ಮೂರು ಕಾಯಿಗೆ ಕಟ್ಟಿದೆ.

ಮರುದಿನ ಬೆಳಿಗ್ಗೆ ಮಡಿಯಿಂದ ಅತ್ತೆಯ ಕೂಗು ಬಂತು. "ಯಾರೇ ಈ ಗಂಟು ಹಾಕಿದ್ದು?"

ಚಿಂದಿ ಭದ್ರವಾಗಿದೆಯೇ ಎಂದು ಎಳೆದು ನೋಡುತ್ತಿದ್ದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿಬಿಟ್ಟಿತ್ತು.

"ನಾನೇ ಅತ್ತೆ," ಎಂದು ಬೈಗುಳಕ್ಕೆ ಕಾದು ನಿಂತೆ.

ಅತ್ತೆ ಬೈಯಲಿಲ್ಲ. ಎರಡೂ ಕೈಯಲ್ಲಿ ಕಾಯಿ ಹಿಡಿದು ತುದಿಯಿಂದ ತೊಟ್ಟಿನವರೆಗೆ ಸವರಿದರು. ಉಳಿದೆರಡನ್ನೂ ತಡಕಿ ಹಾಗೆಯೇ ಸವರಿದರು.

"ಕಾಯಿ ಸರಿಯಾಗೇ ಆರಿಸಿದ್ದೀಯ. ಗಂಟು ಮಾತ್ರ ಕತ್ತೆ ಕಟ್ಟೋ ಗಂಟು. ಸಡಿಲ ಮಾಡು, ತೊಟ್ಟು ದಪ್ಪ ಆಗೋದು ಬೇಡ್ವಾ?"

ಸೊಂಟದಿಂದ ಉಳಿದ ಚಿಂದಿಗಳನ್ನೆಲ್ಲ ತೆಗೆದು ನನ್ನ ಅಂಗೈಗಿಟ್ಟರು. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ. ನನಗೆ ತಡೆಯಲಾಗದೆ ಅಳು ಬಂದುಬಿಟ್ಟಿತು.

"ಅಳೋದೆಲ್ಲ ಆಮೇಲೆ. ಬೀಜಕ್ಕೆ ಎರಡು ಸಾಕು. ಆ ಮೂರನೇದನ್ನ ಕಿತ್ತು ಕೊಡು."

"ತಿನ್ನೋಕಾ?"

"ಇನ್ನೇನು, ತೊಟ್ಟಿಲಲ್ಲಿಟ್ಟು ತೂಗೋಕಾ? ಚಿಂದಿ ಇನ್ಮೇಲೆ ನಿಂದು. ನಾನು ತಿನ್ನಬಹುದು."

ಮಡಿಯ ಅಂಚಿನಲ್ಲೇ ಕೂತು ಕಾಯಿ ಮುರಿದು ಅರ್ಧ ನನಗೆ ಕೊಟ್ಟರು. ತಮ್ಮ ಅರ್ಧವನ್ನು ಕಚ್ಚಿ, ನಿಧಾನವಾಗಿ ಜಗಿದರು.

"ಇಷ್ಟು ಸಿಹಿ ಇರುತ್ತೆ ಅಂತ ಯಾರೂ ಹೇಳ್ಲೇ ಇಲ್ವಲ್ಲೇ!"

ಹೇಳುವುದಕ್ಕೆ ನಮ್ಮ ಮನೆಯಲ್ಲಿ ಚಿಂದಿ ಕಟ್ಟಿದ ಕಾಯಿಯನ್ನು ಯಾರೂ ತಿಂದಿರಲಿಲ್ಲ.